ಎಡಗೈ ಸುತ್ತು

ಕೈಲಾಂಚದಿಂದ ರಾಮನಗರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ರಮ್ಯಳ ಕಿವಿಗೆ ಮುಂದಿನ ಸೀಟಿನ ಜಗಳ ಬಿತ್ತು. ಮಾವಿನ ನರ್ಸರಿಯಲ್ಲಿ ಮಣ್ಣು ಹೊರುವ, ನಡುವೆ ಕಸಿಯನ್ನೂ ಕಟ್ಟುವ ಇಬ್ಬರು ಹೆಂಗಸರು. ಹಿರಿಯವಳ ದನಿ ಜೋರಾಗಿತ್ತು.

“ಆ ಬಾದಾಮಿ ಸಾಲು ನಾನು ಕಸಿ ಕಟ್ಟಿದ್ದು ಕಣೆ ಸೌಮ್ಯ. ನೂರಕ್ಕೆ ತೊಂಬತ್ತು ಚಿಗುರ್ಕೊಂಡವೆ, ಒಳ್ಳೆ ತಾಮ್ರದಂಗೆ! ನೆನ್ನೆ ಸಾವ್ಕಾರ್ರು ನಿನ್ನ ಹೊಗುಳ್ತಾವ್ರೆ, ನೀನು ಹಲ್ಲು ಕಿರ್ಕೊಂಡು ನಿಂತಿದ್ದೆ.”

“ನಿಂದು ಅಂತ ಹೆಸ್ರು ಬರ್ದಿತ್ತೇನ್ ಸರಸಕ್ಕ?”

“ಬರ್ದೈತೆ. ನಾನು ಎಡಗೈಯೋಳು. ಕಸಿ ಮೇಲೆ ನಾನು ಕಟ್ಟಿದ್ ಪ್ಲಾಸ್ಟಿಕ್ ಪಟ್ಟಿ ಎಡಕ್ಕೆ ಸುತ್ಕೊಂಡಿರ್ತದೆ, ನಿಂದು ಬಲಕ್ಕೆ. ಹೋಗಿ ನೋಡು.”

ಸೌಮ್ಯ ಕಿಟಕಿಯ ಕಡೆ ತಿರುಗಿದಳು.

“ನೋಡಿದ್ದೆ ಕಣಕ್ಕ. ಮಣ್ಣಿನ ಮಂಕರಿ ಹೊತ್ತೂ ಹೊತ್ತೂ ಸೊಂಟ ಬಿದ್ದೋಗೈತೆ. ನಾಳೆಯಿಂದ ನೆಳ್ಳಲ್ಲಿ ಕೂತು ಕಸಿ ಕಟ್ಟು ಅಂದ್ರು. ನಿಜ ಹೇಳಕ್ಕೆ ಬಾಯೇ ಬರ್ನಿಲ್ಲ.”

“ನನ್ ಸೊಂಟ ಏನು ಕಬ್ಬಿಣದ್ದಾ? ಇರೋದೇ ಒಬ್ರಿಗೆ ಜಾಗ. ಇವತ್ತು ಗಿಡ ತೋರ್ಸಿ ಸಾವ್ಕಾರ್ರಿಗೆ ಹೇಳ್ತೀನಿ.”

“ಹೇಳು. ಆದ್ರೆ ಆ ಎಡಗೈ ಸುತ್ತು ನಂಗೂ ಒಸಿ ಕಲ್ಸು.”

“ಕಲ್ಸ್‌ಬುಟ್ಟು? ಆಮೇಲೆ ನಂದು ಯಾವ್ದು ಅಂತ ಹೆಂಗೆ ತೋರ್ಸ್ಲಿ?”

ಕಂಡಕ್ಟರ್ ಸೀಟಿ ಊದಿದ. ಇಬ್ಬರೂ ಬೈದಾಡಿಕೊಂಡೇ ನರ್ಸರಿ ಗೇಟಿನ ಬಳಿ ಇಳಿದುಹೋದರು.

ರಮ್ಯ ದಿನಕ್ಕೆ ನಾನೂರು ಕಾಲರ್ ಹೊಲಿಯುತ್ತಾಳೆ. ಅದರಲ್ಲಿ ಒಂದನ್ನಾದರೂ ಇದು ನನ್ನದು ಎಂದು ಬೆರಳಿಟ್ಟು ತೋರಿಸಲಾರಳು. ಇಳಿದವರ ಬೆನ್ನನ್ನೇ ನೋಡುತ್ತಾ ಕುಳಿತಿದ್ದ ಅವಳಿಗೆ ಹೊಟ್ಟೆಕಿಚ್ಚಾಯಿತು, ಅದೂ ಅವರ ಜಗಳದ ಮೇಲೆ.