ಗುರ್ಜಿಗೆ ಹಾಕದ ನೀರು

ವಿಜಾಪುರದ ಸ್ಟೇಷನ್ ರಸ್ತೆಯ ತಾರು ಕಚೇರಿ. ತಾರು ಕಳಿಸಲು ಬಂದು ಸಾಲಿನಲ್ಲಿ ನಿಂತಿದ್ದ ಅಮರಪ್ಪನ ಮುಂದೆಯೇ ಬಿಜ್ಜರಗಿಯ ಗುರುಸಿದ್ದವ್ವ ಮತ್ತು ಅವಳ ಸೊಸೆ ರೇಣುಕವ್ವ ನಿಂತಿದ್ದರು. ವಿಲಾಯತಿಯ ಸಮುದ್ರ ಈಜಿ ದಾಟುತ್ತೇನೆಂದು ಹೋದ ಗುರುಸಿದ್ದವ್ವನ ಮಗ, ಹವಾ ತಿಳಿಯಾಗಲೆಂದು ಇನ್ನೂ ದಂಡೆಯಲ್ಲೇ ಕೂತಿದ್ದ. ತಾಯಿಯ ಸಿಟ್ಟು ಇಡೀ ಕಚೇರಿಗೆ ಕೇಳುತ್ತಿತ್ತು.

“ಮತ್ತ ಅದ ತಾರು. ಗಾಳಿ ಜೋರೈತಿ, ಮಳಿ ಬಿಟ್ಟಿಲ್ಲ, ಕಾಯಾಕತ್ತೇನಿ ಅಂತ. ಇನ್ನೆಷ್ಟ ಕಾಯ್ತಾನ ಅಂವಾ?”

“ಅಲ್ಲಿ ಮಳಿ ನಮ್ಮ ಕೈಯಾಗ ಐತೇನ್ರಿ, ಅತ್ತಿ?”

“ನಾ ಮಾಡೂದು ನಾ ಮಾಡೇನಿ. ಮಳಿ ಬರ್ಲಿ ಅಂತ ಮಣ್ಣಿನ ಗುರ್ಜಿ ತಲೀ ಮ್ಯಾಲ ಹೊತ್ತವರು ಬಾಗಲಕ ಬಂದ್ರ, ಅದರ ಮ್ಯಾಲ ಒಂದ ಚರಗಿ ನೀರ ಹಾಕಲಿಲ್ಲ. ಹಂಗ ಕಳಿಸೇನಿ.”

“ಅದಕ್ಕ ಓಣಿ ಮಂದಿ ನಮ್ಮ ಕೂಡ ಮಾತ ಬಿಟ್ಟಾರ್ರಿ.”

“ಬಿಡ್ಲಿ. ಮುಗಲೇನು ಎರಡ ಅದಾವೇನು? ಇಲ್ಲಿ ಮಳಿ ಕರದ್ರ ಅಲ್ಲೂ ಬರ್ತೈತಿ. ಮಗಾ ಈಸಿ ದಾಟೂತನಾ ನಮ್ಮನಿ ನೀರು ಗುರ್ಜಿಗಿಲ್ಲ.”

ರೇಣುಕವ್ವ ಸೆರಗಿನ ತುದಿ ಹಿಂಡತೊಡಗಿದಳು.

“ಅತ್ತಿ, ನಾ ಹಾಕೇನ್ರಿ.”

“ಏನ ಹಾಕಿದಿ?”

“ಗುರ್ಜಿಗೆ ನೀರು. ಹಿತ್ತಲ ಬಾಗಲಕ ಕರದು ಹಾಕೇನ್ರಿ. ಅವರು ಸಮುದ್ರಕ್ಕ ಇಳಿಯೂದ ಬ್ಯಾಡ, ಸುಮ್ಮ ಮನಿಗೆ ಬರ್ಲಿ ಅಂತ.”

ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು, ಗುರುಸಿದ್ದವ್ವ ಸರಿಯಲಿಲ್ಲ.

“ಚರಗೀನೋ, ಕೊಡಾನೋ?”

“ತುಂಬಿದ ಕೊಡಾನ್ರಿ.”

ಗುರುಸಿದ್ದವ್ವ ಸೊಸೆಯ ರಟ್ಟೆ ಹಿಡಿದು, ಸಾಲು ಬಿಟ್ಟು, ಉರಿಬಿಸಿಲಿಗೆ ನಡೆದಳು. ಬಾಗಿಲಾಚೆಯಿಂದ ಅವಳ ದನಿಯಷ್ಟೇ ಕೇಳಿತು:

“ತುಂಬಿದ ಕೊಡಾ ಹಾಕಿ, ಬಿಜ್ಜರಗ್ಯಾಗ ಒಂದ ಹನೀನೂ ಬೀಳಲಿಲ್ಲಲ್ಲ! ಎಲ್ಲಾ ನನ್ನ ಮಗನ ತಲೀ ಮ್ಯಾಲ ಸುರದಿ ಏನ?”