ಬಾಗಿಲು ಬಡಿದ ಸದ್ದು

೨೦೦೨ರಲ್ಲಿ ಒಂದು ದಿನ ಶಾಂತಿಗ್ರಾಮದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಗೌಡರೊಬ್ಬರು, ಗಿಟಾರ್ ಹೊತ್ತ ಉದ್ದಗೂದಲಿನ ಯುವಕ.

“ನಮ್ಮ ಲೋಹಿತ ತೀರ್ಕಂಡು ವರ್ಷಾಯ್ತು. ಅವ್ನು ಹಾಡಿದ್ದು ಏನಾರ ಐತೇನಪ್ಪಾ, ದೇವರಾಜ?”

“ನಮ್ ಬ್ಯಾಂಡ್ನೋರು ನಿಮ್ಮ ಕೊಬ್ರಿ ಗೋಡೌನಲ್ಲಿ ಮೊದ್ಲು ರೆಕಾರ್ಡ್ ಮಾಡಿದ್ ಕ್ಯಾಸೆಟ್ ಒಂದೈತೆ ಗೌಡ್ರೇ. ಬರೀ ಗದ್ಲ. ಗ್ರಂಜ್ ಮ್ಯೂಸಿಕ್ ಅಂದ್ರೆ ಅಂಗೇಯ.”

“ನಾನು ಬಾಗ್ಲು ಬಡ್ದಿದ್ದು ಅದ್ರಲ್ಲಿ ಕೇಳ್ತದಾ?”

“ಕೇಳ್ತದೆ. ‘ನಿಲ್ಸ್ರಲಾ’ ಅಂತ ಕಿರುಚಿದ್ದೂ ಕೇಳ್ತದೆ.”

“ಅದ್ನ ತೆಗ್ಸಾಕ್ಬುಡು. ಒಂದ್ಸಲನಾದ್ರೂ ಅವ್ನ ಹಾಡು ನಾನು ಅಡ್ಡ ಬರ್ದಂಗೆ ಮುಗೀಲಿ.”

“ನಾವೂ ತೆಗೀಬೇಕು ಅಂತಿದ್ವಿ. ಲೋಹಿತನೇ ಬಿಡ್ಲಿಲ್ಲ.”

“ಯಾಕ್ಲಾ?”

“‘ನಮ್ಮಪ್ಪ ನಿಮ್ಮೆಲ್ರಿಗಿಂತ ಸರಿಯಾಗಿ ತಾಳ ಹಾಕವ್ರೆ, ಇರ್ಲಿ’ ಅಂದ.”

ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಗೌಡರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತ ಎದ್ದು ಹತ್ತಿದರು.