ಸೀಸೆ ನಂಬರ್ ನಾನೂರ ಹನ್ನೊಂದು

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ರೋಗಾಣು ಪರೀಕ್ಷಿಸುವ ಲ್ಯಾಬಿನಲ್ಲಿ ಸೀಸೆಗಳ ಲೆಕ್ಕ ನೋಡಿಕೊಳ್ಳುವವನು ಅವನು. ಅಲ್ಲಿ ಒಂದೊಂದು ಸೀಸೆಗೂ ಒಂದು ಚೀಟಿ, ಚೀಟಿಯೊಳಗೆ ಒಂದು ಚಿಪ್. ಸೀಸೆ ಗೇಟು ದಾಟಿದರೆ ಯಂತ್ರ ಕೂಗುತ್ತದೆ, ಪರದೆ ಮೇಲೆ ಅದರ ನಂಬರ್ ಬರುತ್ತದೆ.

ಅವತ್ತು ಕೆಲಸ ಮುಗಿಯುವಾಗ ಕತ್ತಲಾಗಿತ್ತು. ಗೇಟು ದಾಟಿ, ಪಾಳುಬಾವಿ ಪಕ್ಕದ ದಾರಿ ಹಿಡಿದಿದ್ದ. ಹಿಂದಿನಿಂದ... ಕುಂಯ್. ಕುಂಯ್. ಕಾವಲುಗಾರ ಓಡಿಬಂದ.

“ಅಣ್ಣಾ... ನಾನೂರ ಹನ್ನೊಂದು ಅಂತ ತೋರಿಸ್ತಿದೆ. ಜೇಬು ಒಂದ್ಸಲ...”

ಜೇಬಿನಲ್ಲಿ ಬಸ್ ಟಿಕೆಟು, ಮನೆ ಬೀಗದ ಕೈ, ಅಷ್ಟೇ. ಒಳಗೆ ಹೋಗಿ ನೋಡಿದರೆ ಸೀಸೆ ಫ್ರೀಜರಿನಲ್ಲಿ ತನ್ನ ಜಾಗದಲ್ಲೇ ಇದೆ.

ಆ ನಂಬರ್ ಅವನಿಗೆ ಬಾಯಿಪಾಠ. ಅದರಲ್ಲಿದ್ದದ್ದು ಅವನ ಹೆಂಡತಿಯ ರಕ್ತ. ಅದೇ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಅಲ್ಲಿನ ಸೋಂಕೇ ತಗುಲಿ ಹೋದಳು. ದೇಹವನ್ನೂ ಮನೆಗೆ ಕೊಡಲಿಲ್ಲ. ಅವನು ಅಳಲಿಲ್ಲ, ಎದೆ ಮರಗಟ್ಟಿತ್ತು. ಮೂರು ವರ್ಷದ ಮಗಳನ್ನು ಪಕ್ಕದ ಮನೆಯಲ್ಲಿ ಬಿಡುವುದು, ಸೀಸೆ ನೋಡುವುದು, ವಾಪಸು ಬರುವುದು. ಅಷ್ಟೇ ಬದುಕು. ಮಗುವಿನ ಉಗುರು ಕತ್ತರಿಸುತ್ತಿದ್ದವಳು ಅವಳೇ; ಈಗ ಅವು ಉದ್ದ ಬೆಳೆದು ಮಣ್ಣು ಕಟ್ಟಿದ್ದವು.

ಮರುದಿನವೂ ಕುಂಯ್. ಮೂರನೇ ದಿನ ಅವನು ಬಾವಿಕಟ್ಟೆ ಹತ್ತಿರ ನಿಂತ. ಬೆನ್ನ ಹಿಂದೆ ಚಪ್ಪಲಿ ಸದ್ದು. ಪಟ್... ಪಟ್... ಅದೂ ನಿಂತಿತು. ತಿರುಗಿ ನೋಡದೆ ಪಿಸುಗುಟ್ಟಿದ.

“ಬರ್ಬೇಡ ಕಣೇ... ಮಗು ಇದೆ ಮನೇಲಿ. ಅಂಟಿಬಿಡತ್ತೆ.”

ಬದುಕಿದ್ದಾಗ ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದವಳು, ಅವತ್ತು ಹೇಳಿದ ಮಾತು ಕೇಳಿದಳು. ಪಟ್... ಪಟ್... ಸದ್ದು ಲ್ಯಾಬಿನ ಕಡೆಗೇ ಹೋಯಿತು.

ಬೆಳಗ್ಗೆ ಸಾಹೇಬರು ಕರೆದರು. ಸೀಸೆ ಯಾರದೆಂದು ಅವರಿಗೆ ಗೊತ್ತಿರಲಿಲ್ಲ.

“ಆ ನಾನೂರ ಹನ್ನೊಂದರದ್ದು ದಿನಾ ತಲೆನೋವಾಯ್ತಲ್ಲಯ್ಯಾ. ಬೇಯಿಸಿ ಎಸೆದುಬಿಡು.”

ಅವಳದೆಂದು ಉಳಿದಿದ್ದು ಅದೊಂದೇ. ಅವನೇ ಕೈಯಾರೆ ಆವಿಯ ಪೆಟ್ಟಿಗೆಯಲ್ಲಿಟ್ಟ. ಬುಸ್ಸ್... ಅರ್ಧ ಗಂಟೆ. ರೋಗಾಣುವೆಲ್ಲ ಸತ್ತಿತು. ಕಂಪ್ಯೂಟರಿನಿಂದ ನಂಬರ್ ತೆಗೆದಾಗ ಪರದೆ ಮೇಲೆ ಬಂತು: ಇನ್ನು ಅಪಾಯವಿಲ್ಲ. ಅದನ್ನು ಎರಡು ಸಲ ಓದಿದ.

ಆ ಸಂಜೆಯೂ ಗೇಟು ಕೂಗಿತು.

“ಈ ಸಲ ನಂಬರೇ ಇಲ್ಲ ಅಣ್ಣಾ...” ಅಂದ ಕಾವಲುಗಾರ.

ಅವನು ಬಾವಿ ಹತ್ತಿರ ನಿಂತ. ಅಳು ಆಗಲೂ ಬರಲಿಲ್ಲ. “ಈಗ ಬಾ” ಅಂದ, ಅಷ್ಟೇ.

ಆ ರಾತ್ರಿ ಮನೆಯಲ್ಲಿ ಮಲಗಿದ್ದವರು ಅಪ್ಪ, ಮಗಳು ಇಬ್ಬರೇ. ಒಳಗಿನಿಂದ ಚಿಲಕ ಹಾಕಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮರುದಿನ ಆ ಮಗುವಿನ ಕೈ ನಾನೇ ಹಿಡಿದು ನೋಡಿದ್ದೇನೆ. ಹತ್ತೂ ಬೆರಳಿನ ಉಗುರು ಒಪ್ಪವಾಗಿ ಕತ್ತರಿಸಿತ್ತು.